ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಆರರಿಂದ ಹನ್ನೆರಡು ವರ್ಷದ ಮಕ್ಕಳ ಜಗಳ, ಸಿಟ್ಟು, ಸುಳ್ಳು, ಸ್ನೇಹ: ದೊಡ್ಡವರು ಎಲ್ಲಿ ಕೈಹಾಕಬೇಕು, ಎಲ್ಲಿ ಕೈಕಟ್ಟಿ ನಿಲ್ಲಬೇಕು?

ಸಂಜೆ ಐದೂವರೆ. ಬೀದಿಯಲ್ಲಿ ಲಗೋರಿ ಶುರುವಾಗಿದೆ. ಏಳು ಚಪ್ಪಟೆ ಕಲ್ಲುಗಳು ಒಂದರ ಮೇಲೊಂದು ಕೂತಿವೆ. ಹನ್ನೊಂದು ವರ್ಷದವರಿದ್ದಾರೆ, ಎಂಟು ವರ್ಷದವರಿದ್ದಾರೆ, ಅಕ್ಕನ ಬೆನ್ನು ಬಿಡದೆ ಬಂದ ಐದು ವರ್ಷದ ತಮ್ಮನೂ ಇದ್ದಾನೆ. ಬೇಡ ಅಂದರೆ ಅಳುತ್ತಾನೆ, ಸೇರಿಸಿಕೊಂಡರೆ ಅವನಿರುವ ಗುಂಪು ಸೋಲುತ್ತದೆ. ಮಕ್ಕಳು ಅರ್ಧ ನಿಮಿಷ ಗುಸುಗುಸು ಮಾಡಿ ತೀರ್ಮಾನಕ್ಕೆ ಬರುತ್ತಾರೆ: ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಓಡಬಹುದು, ಕೂಗಬಹುದು, ಕಲ್ಲು ಜೋಡಿಸಲು ಕೈಹಾಕಬಹುದು. ಚೆಂಡು ಬಿದ್ದರೆ ಮಾತ್ರ ಔಟಿಲ್ಲ.

ದೊಡ್ಡವರಾದ ನಾವು ಈ ಮಾತನ್ನು ಕಚೇರಿಯಲ್ಲೋ ರಾಜಕೀಯದಲ್ಲೋ ಮೂಲೆಗುಂಪಾದವರ ಮೇಲೆ ಹೇಳಿ ನಗುತ್ತೇವೆ. ಅದು ಹುಟ್ಟಿದ ಬೀದಿಯಲ್ಲಿ ಮಾತ್ರ ಅದೊಂದು ದೊಡ್ಡ ಮನಸ್ಸಿನ ಕಾನೂನು. ಹೊರಗುಳಿದವನ ಅಳು ಅವರಿಗೆ ಕೇಳಿಸಿದೆ. ಚಿಕ್ಕವನಿಗೆ ದೊಡ್ಡವರ ನಿಯಮ ಹಚ್ಚುವುದು ನ್ಯಾಯವಲ್ಲ ಎಂಬುದು ಹೊಳೆದಿದೆ. ಎಲ್ಲರೂ ಒಪ್ಪಿ ಮಾಡಿಕೊಂಡ ನಿಯಮಕ್ಕೆ ಎಲ್ಲರೂ ಬದ್ಧರಾಗಿದ್ದಾರೆ. ಭಾವನೆ, ನೀತಿ, ಒಡನಾಟ ಮೂರೂ ಈ ಒಂದೇ ತೀರ್ಮಾನದಲ್ಲಿವೆ. ಇದನ್ನು ಅವರಿಗೆ ಯಾವ ಮೇಷ್ಟರೂ ಪಾಠ ಮಾಡಿರಲಿಲ್ಲ.

ಶಾಲೆಗೆ ಹೋಗುವ ವಯಸ್ಸೆಂದರೆ ಮಗು ‘ಲೆಕ್ಕಕ್ಕಿಲ್ಲ’ದಿಂದ ‘ಲೆಕ್ಕಕ್ಕುಂಟು’ ಕಡೆಗೆ ನಡೆಯುವ ಕಾಲ. ಈ ದಾರಿಯಲ್ಲಿ ನಾವು ಎರಡು ರೀತಿ ಅಡ್ಡ ಬರುತ್ತೇವೆ. ಮಗು ತಪ್ಪು ಮಾಡಿದಾಗ ‘ಚಿಕ್ಕದು ಬಿಡಿ’ ಎಂದು ಲೆಕ್ಕದಿಂದ ತೆಗೆಯುತ್ತೇವೆ. ಅದೇ ಮಗು ಮಾತಾಡಲು ಬಂದಾಗ ‘ಚಿಕ್ಕವರು ಸುಮ್ಮನಿರಬೇಕು’ ಎಂದು ಆಗಲೂ ಲೆಕ್ಕದಿಂದ ತೆಗೆಯುತ್ತೇವೆ.

ಗೋಲಿ ಹಿಡಿದು ಹೋದ ವಿಜ್ಞಾನಿ

ಮಕ್ಕಳಲ್ಲಿ ನೀತಿಯ ಅರಿವು ಹೇಗೆ ಬೆಳೆಯುತ್ತದೆಂದು ತಿಳಿಯಲು ಹೊರಟ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಶುರು ಮಾಡಿದ್ದು ಗೋಲಿ ಆಟದಿಂದ. ಜಿನೀವಾ ಮತ್ತು ನ್ಯೂಷಾಟೆಲ್‌ನ ಹುಡುಗರ ಜೊತೆ ಕೂತು, ತನಗೆ ಆಟವೇ ಗೊತ್ತಿಲ್ಲದವರ ಹಾಗೆ ನಿಯಮ ಹೇಳಿಸಿಕೊಂಡರು. 1932ರಲ್ಲಿ ಬಂದ ಅವರ ಪುಸ್ತಕ ತೆರೆದುಕೊಳ್ಳುವುದೇ ಈ ಆಟದಿಂದ.

ಅವರು ಕಂಡಿದ್ದು ಇದು. ತೀರಾ ಚಿಕ್ಕವರು ಒಟ್ಟಿಗೆ ಕೂತರೂ ಆಡುವುದು ತಮ್ಮ ತಮ್ಮ ಆಟ, ಎಲ್ಲರೂ ಗೆಲ್ಲುತ್ತಾರೆ. ಏಳೆಂಟರ ಹೊತ್ತಿಗೆ ಒಂದೇ ನಿಯಮಕ್ಕೆ ಎಲ್ಲರೂ ಒಳಪಡಬೇಕೆಂಬ ಆಸೆ ಬರುತ್ತದೆ, ನಿಯಮ ಯಾವುದೆಂದು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹನ್ನೊಂದು ಹನ್ನೆರಡರವರು ವಕೀಲರಂತೆ ಪ್ರತಿ ಸಣ್ಣ ಸಂದರ್ಭಕ್ಕೂ ನಿಯಮ ಒದಗಿಸಬಲ್ಲರು. ಚಿಕ್ಕವರಿಗೆ ನಿಯಮವೆಂದರೆ ದೊಡ್ಡವರೋ ದೇವರೋ ಮಾಡಿಟ್ಟಿದ್ದು, ಮುಟ್ಟುವ ಹಾಗಿಲ್ಲ. ದೊಡ್ಡ ಮಕ್ಕಳಿಗೆ ನಿಯಮವೆಂದರೆ ನಾವೇ ಮಾತಾಡಿ ಮಾಡಿಕೊಂಡಿದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದಾದದ್ದು.

ಪಿಯಾಜೆ ಮಕ್ಕಳಿಗೆ ಎರಡು ಕತೆ ಹೇಳಿ ತೀರ್ಪು ಕೇಳುತ್ತಿದ್ದರು. ಊಟಕ್ಕೆ ಕರೆದರೆಂದು ಓಡಿ ಬಂದ ಹುಡುಗ ಬಾಗಿಲು ತಳ್ಳುತ್ತಾನೆ. ಹಿಂದೆ ತಟ್ಟೆಯಲ್ಲಿಟ್ಟಿದ್ದ 15 ಕಪ್ಪುಗಳು ಬಿದ್ದು ಪುಡಿಯಾಗುತ್ತವೆ. ಇನ್ನೊಬ್ಬ ಅಮ್ಮ ಇಲ್ಲದಾಗ ಕಪಾಟಿನ ಜಾಮ್ ಕದಿಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು? ಚಿಕ್ಕವರಲ್ಲಿ ಅನೇಕರು 15 ಒಡೆದವನದು ಅಂದರು. ದೊಡ್ಡ ಮಕ್ಕಳು ಮನಸ್ಸಿನಲ್ಲಿ ಏನಿತ್ತು ಎಂದು ನೋಡಿದರು. ಉದ್ದೇಶವನ್ನು ಬಿಡಿಸಿ ಹೇಳಿದರೆ ನಾಲ್ಕೈದು ವರ್ಷದವರೂ ಅದನ್ನು ಗಮನಿಸುತ್ತಾರೆಂದು ಆಮೇಲಿನ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಈ ವಯಸ್ಸುಗಳನ್ನು ಗೋಡೆಗಳೆಂದು ತಿಳಿಯಬೇಕಿಲ್ಲ.

ಇನ್ನು ನಮ್ಮ ಮನೆಗೆ ಬನ್ನಿ. ಕೈಜಾರಿ ಮೊಬೈಲ್ ಪರದೆ ಒಡೆದರೆ ಬೀದಿಗೆ ಕೇಳುವಷ್ಟು ಬೈಗುಳ. ಸಿಟ್ಟಿಗೆ ತಂಗಿಯ ಪೆನ್ಸಿಲ್ ಮುರಿದು ಬಿಸಾಡಿದರೆ ‘ಹೋಗ್ಲಿ ಬಿಡು, ಇನ್ನೊಂದು ತಂದ್ಕೊಡ್ತೀನಿ.’ ನಷ್ಟದ ರೂಪಾಯಿ ಎಣಿಸಿ ತೀರ್ಪು ಕೊಡುವ ಆ ಗಳಿಗೆಯಲ್ಲಿ ಆರು ವರ್ಷದವರು ನಾವೇ. ಏನೇ ಒಡೆದರೂ ಎರಡು ಪ್ರಶ್ನೆ ಸಾಕು: ‘ಏನಾಯ್ತು?’ ಆಮೇಲೆ, ‘ಈಗ ಏನ್ ಮಾಡೋಣ?’ ಮೊದಲನೆಯದು ಉದ್ದೇಶ ತಿಳಿಸುತ್ತದೆ, ಎರಡನೆಯದು ಮಗುವನ್ನು ಲೆಕ್ಕಕ್ಕೆ ಸೇರಿಸುತ್ತದೆ.

ಯಾವ ವಯಸ್ಸಿಗೆ ಏನು?

ಆರು–ಏಳು: ‘ಮಿಸ್, ಇವ್ನು ನೋಡಿ ಮಿಸ್’ ಎನ್ನುವ ಕಾಲ. ನಿಯಮ ಈಗಷ್ಟೇ ಕೈಗೆ ಸಿಕ್ಕಿದೆ, ಬೇರೆಯವರು ಮುರಿದರೆ ತಡೆಯಲಾಗದು. ಇದನ್ನು ಚಾಡಿ ಎಂದು ಬೈದು ಬಾಯಿ ಮುಚ್ಚಿಸಿದರೆ ನಾಳೆ ನಿಜವಾಗಿ ಹೇಳಲೇಬೇಕಾದ್ದನ್ನೂ ಮಗು ಹೇಳುವುದಿಲ್ಲ. ವ್ಯತ್ಯಾಸ ತಿಳಿಸಿ: ಒಬ್ಬರನ್ನು ತೊಂದರೆಗೆ ಸಿಕ್ಕಿಸಲು ಹೇಳಿದರೆ ಚಾಡಿ, ಒಬ್ಬರನ್ನು ತೊಂದರೆಯಿಂದ ಬಿಡಿಸಲು ಹೇಳಿದರೆ ಸಹಾಯ.

ಎಂಟು–ಒಂಬತ್ತು: ನ್ಯಾಯದ ತಕ್ಕಡಿ ಕೈಯಲ್ಲೇ ಇರುತ್ತದೆ. ‘ಅವಳಿಗೆ ಎರಡು ಹೋಳಿಗೆ, ನಂಗೆ ಒಂದೂವರೆ!’ ಸಮಪಾಲೇ ನ್ಯಾಯ ಎಂಬ ಹಂತ ಇದು. ಜ್ವರ ಬಂದವರಿಗೆ ಹೆಚ್ಚು ಗಮನ, ಹಸಿದವರಿಗೆ ಹೆಚ್ಚು ಊಟ ಕೊಡುವುದೂ ನ್ಯಾಯವೇ ಎಂಬುದು ನಿಧಾನಕ್ಕೆ ತಿಳಿಯುತ್ತದೆ. ಲೆಕ್ಕಕ್ಕಿಲ್ಲದ ತಮ್ಮನಿಗೆ ಬೇರೆ ನಿಯಮ ಮಾಡಿದ ಮಕ್ಕಳಿಗೆ ಇದು ತೀರಾ ಹೊಸದೇನಲ್ಲ. ಆಟದಲ್ಲಿ ತಿಳಿದದ್ದು ಹೋಳಿಗೆಗೂ ಅನ್ವಯಿಸುತ್ತದೆ ಎಂದು ನೆನಪಿಸಿದರೆ ಸಾಕು.

ಹತ್ತು–ಹನ್ನೆರಡು: ಗೆಳೆಯರ ಕಣ್ಣೇ ಕನ್ನಡಿ. ಅಮ್ಮ ಶಾಲೆಯ ಗೇಟಿನವರೆಗೆ ಬರುವುದೂ ಮುಜುಗರ. ದೊಡ್ಡವರ ಮಾತಿಗೂ ನಡತೆಗೂ ಇರುವ ಅಂತರ ಈ ವಯಸ್ಸಿಗೆ ಢಾಳಾಗಿ ಕಾಣುತ್ತದೆ. ‘ನೀವು ಮಾತ್ರ ಮಾಡ್ಬೋದಾ?’ ಎಂದು ಕೇಳಿದರೆ ಅದು ಉದ್ಧಟತನವೇ ಆಗಿರಬೇಕಿಲ್ಲ. ನೀತಿಯನ್ನು ಸ್ವಂತ ತಲೆಯಿಂದ ಯೋಚಿಸಲು ಶುರು ಮಾಡಿರುವುದರ ಗುರುತೂ ಇರಬಹುದು.

ಈ ಆರೇಳು ವರ್ಷಗಳ ಒಳಗಿನ ಹೋರಾಟ ‘ನನ್ನ ಕೈಲಾಗುತ್ತದೆ’ ಮತ್ತು ‘ನಾನು ಯಾತಕ್ಕೂ ಬಾರದವನು’ ಎಂಬ ಎರಡು ಭಾವಗಳ ನಡುವಿನದು ಎಂದರು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್. ಓದಿನಲ್ಲಿ ಹಿಂದಿರುವ ಮಗುವಿಗೂ ‘ಇದನ್ನು ನಾನು ಚೆನ್ನಾಗಿ ಮಾಡ್ತೀನಿ’ ಅನ್ನಲು ಒಂದು ಕೆಲಸ ಬೇಕು. ಗಿಡಕ್ಕೆ ನೀರು ಹಾಕುವುದು, ಅಜ್ಜಿಯ ಮಾತ್ರೆ ನೆನಪಿಸುವುದು, ಅಂಗಡಿಯಿಂದ ಚಿಲ್ಲರೆ ಎಣಿಸಿ ತರುವುದು ಹೀಗೆ ಯಾವುದಾದರೂ ಆಗಬಹುದು. ಮಗು ಮರೆತರೆ ನೀವೇ ಮಾಡಿ ಮುಗಿಸಬೇಡಿ. ಗಿಡ ಬಾಡಿದ್ದನ್ನು ಕಂಡರೆ ನಾಳೆ ನೆನಪಿರುತ್ತದೆ. ಅಜ್ಜಿಯ ಮಾತ್ರೆಯ ಮೇಲೆ ಮಾತ್ರ ನಿಮ್ಮ ಒಂದು ಕಣ್ಣಿರಲಿ.

ಜಗಳ: ಜಡ್ಜಿನ ಕುರ್ಚಿ ಖಾಲಿ ಇರಲಿ

ಒಳಗಿನ ಕೋಣೆಯಿಂದ ಕಿರುಚಾಟ. ನಾವು ಓಡುತ್ತೇವೆ, ಅರ್ಧ ಕೇಳುತ್ತೇವೆ, ‘ನೀನು ದೊಡ್ಡವ್ನು, ಬಿಟ್ಕೊಡು’ ಎಂದು ಆದೇಶ ಹೊರಡಿಸಿ ಅಡುಗೆಮನೆಗೆ ಹಿಂತಿರುಗುತ್ತೇವೆ. ದೊಡ್ಡವನು ಇದರಿಂದ ಕಲಿಯುವುದು ದೊಡ್ಡವನಾಗುವುದು ನಷ್ಟದ ಬಾಬ್ತು ಎಂದು. ಚಿಕ್ಕವನು ಕಲಿಯುವುದು ಜೋರಾಗಿ ಅತ್ತರೆ ಲಾಭ ಎಂದು.

ಪೆಟ್ಟಾಗುವ ಹಾಗಿದ್ದರೆ ತಕ್ಷಣ ನಡುವೆ ಹೋಗಿ ಬಿಡಿಸಿ. ಉಳಿದ ಜಗಳಗಳಿಗೆ ಈ ಕ್ರಮ ನೋಡಿ. ಮೊದಲು ಇಬ್ಬರೂ ತಣ್ಣಗಾಗಲಿ; ಸಿಟ್ಟಿನಲ್ಲಿರುವ ಕಿವಿಗೆ ನ್ಯಾಯ ಕೇಳಿಸದು. ನಂತರ ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಲಿ. ಕೇಳಿದವರು, ‘ಅವ್ನಿಗೆ ಸಿಟ್ಟು ಬಂದಿದ್ದು ನಾನು ಕೇಳದೆ ಸೈಕಲ್ ತಗೊಂಡಿದ್ದಕ್ಕೆ’ ಎಂದು ಎದುರಿನವರ ಮಾತನ್ನು ತಿರುಗಿ ಹೇಳಲಿ. ‘ನೀವು ಒಪ್ಪಬೇಕಾಗಿಲ್ಲ, ಕೇಳಿಸಿಕೊಂಡಿದ್ದೀರಿ ಎಂದು ತೋರಿಸಿದರೆ ಸಾಕು’ ಎಂದು ಅವರಿಗೆ ಹೇಳಿ. ಕೊನೆಗೆ ದಾರಿ ಅವರೇ ಹುಡುಕಲಿ. ‘ಸೋಮವಾರ ನಿಂದು, ಮಂಗಳವಾರ ನಂದು’ ಎಂಬ ಅವರ ಒಪ್ಪಂದ ನಿಮಗೆ ಹಾಸ್ಯಾಸ್ಪದ ಅನಿಸಬಹುದು. ಅವರೇ ಮಾಡಿದ್ದಾದ್ದರಿಂದ ನಿಮ್ಮ ಆದೇಶಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಬೇರೆ ಬೇರೆ ವಯಸ್ಸಿನವರು ಬೆರೆತು ಆಡುವ ಬೀದಿಗಳು ಕಡಿಮೆಯಾಗುತ್ತಿವೆ. ಕ್ರಿಕೆಟ್ ಕೋಚಿಂಗ್‌ನಲ್ಲಿ ನಿಯಮ ಹೇಳಲು ಕೋಚ್ ಇದ್ದಾರೆ, ವಿಡಿಯೋ ಗೇಮ್‌ನಲ್ಲಿ ಯಂತ್ರವೇ ಅಂಪೈರ್. ಮಕ್ಕಳೇ ವಾದ ಮಾಡಿ ನಿಯಮ ಮಾಡಿಕೊಳ್ಳುವ ಜಾಗವೇ ಉಳಿದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕೆಳ ತರಗತಿಗಳ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕೂತು ಕಲಿಯುತ್ತಾರೆ. ಒಬ್ಬರಿಗೊಬ್ಬರು ಹೇಳಿಕೊಡುವುದು ಅಲ್ಲಿ ಕಲಿಕೆಯದೇ ಭಾಗ. ಮನೆಯ ಹತ್ತಿರ ಅಂಥದ್ದನ್ನು ನಾವೇ ಉಳಿಸಿಕೊಳ್ಳಬೇಕು. ಅಪಾರ್ಟ್‌ಮೆಂಟಿನ ಆವರಣದಲ್ಲಾದರೂ ಸರಿ, ವಾರಕ್ಕೆ ಎರಡು ಮೂರು ಸಂಜೆ ಕೋಚ್ ಇಲ್ಲದ, ಬಹುಮಾನ ಇಲ್ಲದ ಆಟ ಇರಲಿ. ದೊಡ್ಡವರೊಬ್ಬರು ಕಣ್ಣಳತೆಯಲ್ಲಿ ಕೂತಿದ್ದರೆ ಸಾಕು, ಕೂಗಳತೆಗೆ ಬರುವುದು ಬೇಡ.

ಎಲ್ಲಕ್ಕೂ ‘ಬೇಜಾರು’

ಶಾಲೆಯಿಂದ ಬಂದ ಮಗು ಚೀಲ ಎಸೆದು, ‘ಬೇಜಾರಾಗಿದೆ’ ಅನ್ನುತ್ತದೆ. ಕನ್ನಡದಲ್ಲಿ ಬೇಜಾರು ಬಹಳ ಉದಾರ ಪದ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಂಕ ಕಡಿಮೆ ಬಂದರೂ ಬೇಜಾರು. ಎಲ್ಲ ಕಾಯಿಲೆಗೂ ‘ಮೈ ಸರಿಯಿಲ್ಲ’ ಅಂದರೆ ಡಾಕ್ಟರಿಗೆ ಮದ್ದು ಸಿಗುವುದು ಹೇಗೆ?

ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಸಿಟ್ಟು, ಮುನಿಸು, ಮುಜುಗರ, ಅವಮಾನ, ಹೊಟ್ಟೆಕಿಚ್ಚು, ಕಸಿವಿಸಿ, ಕಳವಳ, ಪೆಚ್ಚಾಗುವುದು ಒಂದೊಂದೂ ಬೇರೆ. ಅವು ಮಕ್ಕಳ ಕಿವಿಗೆ ಬೀಳುತ್ತಿಲ್ಲ ಅಷ್ಟೆ. ಭಾವನೆಗೆ ಸರಿಯಾದ ಹೆಸರಿಟ್ಟಾಗ ಅದರ ಬಿಸಿ ಸ್ವಲ್ಪ ಇಳಿಯುತ್ತದೆ ಎಂಬುದನ್ನು ಮಿದುಳಿನ ಅಧ್ಯಯನಗಳೂ ಸೂಚಿಸಿವೆ. ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಯಸ್ಸಿಗೆ. ಎಂಟು ವರ್ಷದ ಮಗುವಿಗೆ ‘ತಡ್ಕೊ’ ಎಂದಷ್ಟೇ ಹೇಳಿದರೆ ಇನ್ನೂ ಕೂಡಿಸದ ಬ್ರೇಕನ್ನು ಒತ್ತಲು ಹೇಳಿದಂತೆ.

ಹೀಗೆ ಮಾತಾಡಬಹುದು:

‘ಬೇಜಾರು ಅಂದ್ರೆ ಯಾವ ಥರ ಪುಟ್ಟಿ? ಅಳು ಬರೋ ಥರಾನಾ, ಹೊಡೆಯೋಣ ಅನ್ಸೋ ಥರಾನಾ?’

‘ಹೊಡೆಯೋಣ ಅನ್ಸುತ್ತೆ.’

‘ಯಾರ ಮುಂದಾದ್ರೂ ಏನಾದ್ರೂ ಆಯ್ತಾ?’

‘ಎಲ್ರೂ ನಕ್ರು ಅಮ್ಮ. ನಾನು ಬೋರ್ಡ್ ಮೇಲೆ ತಪ್ಪು ಬರ್ದೆ.’

‘ಓ, ಅವಮಾನ ಆಯ್ತು. ನಂಗೂ ಆಫೀಸಲ್ಲಿ ಒಂದ್ಸಲ ಹಂಗೇ ಆಗಿತ್ತು.’

ಇಲ್ಲಿಗೆ ನಿಲ್ಲಿಸಿ. ‘ಅಷ್ಟಕ್ಕೆಲ್ಲ ಅಳ್ತಾರಾ’ ಅನ್ನಬೇಡಿ. ಗಂಡುಮಕ್ಕಳಿಗೆ ‘ಹೆಣ್ಣಿನ ಹಾಗೆ ಅಳಬೇಡ’ ಅನ್ನುವುದಂತೂ ಖಂಡಿತ ಬೇಡ. ಅಳಲು ಬಿಡದ ಹುಡುಗನಿಗೆ ದುಃಖವನ್ನೂ ಸಿಟ್ಟಾಗಿ ತೋರಿಸುವುದೊಂದೇ ದಾರಿ ಉಳಿಯುತ್ತದೆ. ಹಾಗೆಂದು ಭಾವನೆಗೆ ಕೊಟ್ಟ ಒಪ್ಪಿಗೆ ವರ್ತನೆಗೂ ಕೊಟ್ಟಂತಲ್ಲ. ‘ಸಿಟ್ಟು ಬಂದಿದೆ, ಗೊತ್ತಾಯ್ತು. ಹೊಡೆಯೋ ಹಾಗಿಲ್ಲ’ ಎಂಬ ಎರಡೂ ಮಾತು ಜೊತೆಗಿರಬೇಕು.

‘ಒಡೀತು’ ಮತ್ತು ‘ಒಡೆದೆ’

ಮಕ್ಕಳು ‘ಲೋಟ ಒಡೀತು’ ಅನ್ನುತ್ತಾರೆ, ‘ಒಡೆದೆ’ ಅನ್ನುವುದಿಲ್ಲ. ಲೋಟ ತಾನೇ ನಿರ್ಧಾರ ಮಾಡಿ ಒಡೆದುಕೊಂಡ ಹಾಗೆ! ನಾವು ಕ್ಷಮೆ ಕೇಳುವ ರೀತಿಯೂ ಅದೇ: ‘ತಪ್ಪಾಯ್ತು.’ ಮಾಡಿದವರು ವಾಕ್ಯದಲ್ಲೇ ಇಲ್ಲ. ಒಂದು ಮನೆಯ ಅಭ್ಯಾಸವಾಗಿ ‘ನಾನು ಒಡೆದೆ’, ‘ನಾನು ತಪ್ಪು ಮಾಡಿದೆ’ ಎಂದು ದೊಡ್ಡವರೇ ಮೊದಲು ಹೇಳಲು ಶುರು ಮಾಡಿ ನೋಡಿ. ಬಾಯಿಮಾತಿನ ‘ಸಾರಿ’ಯ ಜೊತೆ ಸರಿಪಡಿಸುವ ಒಂದು ಕೆಲಸ ಇರಲಿ: ಚೆಲ್ಲಿದ್ದನ್ನು ಒರೆಸುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ನೋಯಿಸಿದವರ ಜೊತೆ ಹೋಗಿ ಮಾತಾಡುವುದು.

ಆದರೆ ‘ನಾನು ಮಾಡಿದೆ’ ಅನ್ನಲು ಮಗುವಿಗೆ ಧೈರ್ಯ ಬೇಕು. ಆ ಧೈರ್ಯ ಹೆದರಿಕೆಯಿಂದ ಬರುವುದಿಲ್ಲ. ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಸಂಶೋಧಕರು ಹೋಲಿಸಿ 2011ರಲ್ಲಿ ಅಧ್ಯಯನ ಪ್ರಕಟಿಸಿದರು. ಒಂದು ಶಾಲೆಯಲ್ಲಿ ಬೆತ್ತದೇಟು ಸಾಮಾನ್ಯ, ಇನ್ನೊಂದರಲ್ಲಿ ಹೊಡೆತ ಇಲ್ಲ. ಹಿಂದೆ ಇಟ್ಟ ಆಟಿಕೆಯನ್ನು ತಿರುಗಿ ನೋಡಬೇಡಿ ಎಂದು ಹೇಳಿ ಹೊರಗೆ ಹೋದರೆ ಎರಡೂ ಕಡೆ ಹೆಚ್ಚಿನವರು ಕದ್ದು ನೋಡಿದರು. ಆದರೆ ಹೊಡೆತದ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು, ಸಿಕ್ಕಿಬೀಳದ ಹಾಗೆ ಜಾಣತನದಿಂದಲೂ ಹೇಳಿದರು. ಬೆತ್ತ ಕಲಿಸಿದ್ದು ಸುಳ್ಳಿನ ಕೌಶಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯಲ್ಲಿ ಬೆತ್ತದ ಜಾಗದಲ್ಲಿ ‘ದೇವರು ಕಣ್ಣು ಕುಕ್ತಾನೆ’ ಇದೆ, ಪೊಲೀಸ್ ಮಾಮ ಇದ್ದಾರೆ.

ಹೆದರಿಸುವುದಕ್ಕೂ ಹೆದರಿಸದಿರುವುದಕ್ಕೂ ಇರುವ ಈ ವ್ಯತ್ಯಾಸ ಕತೆಗಳಲ್ಲೂ ಕಾಣುತ್ತದೆ. ಕಾಂಗ್ ಲೀ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕತೆ ಓದಿ ಹೇಳಿದರು. ‘ತೋಳ ಬಂತು ತೋಳ’ ಎಂದು ಕೂಗಿ ಕೆಟ್ಟ ಹುಡುಗನ ಕತೆ, ಸುಳ್ಳಿಗೆ ಮೂಗು ಉದ್ದವಾಗುವ ಪಿನೋಕಿಯೋ ಕತೆ ಮಕ್ಕಳ ಪ್ರಾಮಾಣಿಕತೆಯನ್ನು ಹೆಚ್ಚಿಸಲಿಲ್ಲ. ಚೆರ್ರಿ ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್ ಕತೆ ಹೆಚ್ಚಿಸಿತು. ನಮ್ಮ ಮಕ್ಕಳಿಗೆ ವಾಷಿಂಗ್ಟನ್‌ನ ಹಂಗಿಲ್ಲ, ಪುಣ್ಯಕೋಟಿ ಇದ್ದಾಳೆ. ಕೊಟ್ಟ ಮಾತಿಗೆ ಹಿಂತಿರುಗಿ ಬಂದ ಆ ಹಸುವಿನ ಕತೆಯಲ್ಲಿ ಸುಳ್ಳಿಗೆ ಶಿಕ್ಷೆ ಎಂಬ ಮಾತೇ ಇಲ್ಲ, ಸತ್ಯಕ್ಕೆ ಹುಲಿಯೂ ಕರಗಿದ್ದೇ ಕತೆ. ಹೇಳಿ ಮುಗಿಸಿದ ಮೇಲೆ ‘ಇದರ ನೀತಿ ಏನು?’ ಎಂದು ಪರೀಕ್ಷೆ ಮಾಡಬೇಡಿ. ‘ಹುಲಿ ಯಾಕೆ ಪ್ರಾಣ ಬಿಟ್ಟಿತು? ಅದು ಸರೀನಾ?’ ಎಂದು ಕೇಳಿ, ಸುಮ್ಮನೆ ಕೂತು ಉತ್ತರ ಕೇಳಿಸಿಕೊಳ್ಳಿ.

ಕದ್ದ ವಿಷಯಕ್ಕೂ ಇದೇ ಮಾತು. ಕಂಪಾಸ್ ಬಾಕ್ಸಿನಲ್ಲಿ ಯಾರದೋ ಚಂದದ ರಬ್ಬರ್ ಸಿಕ್ಕಿತು ಎಂದುಕೊಳ್ಳಿ. ‘ಕಳ್ಳ’ ಎಂದು ಹೆಸರಿಡಬೇಡಿ. ಹೆಸರಿಟ್ಟರೆ ಮಗು ಆ ಹೆಸರಿನೊಳಗೆ ಕೂತುಬಿಡುತ್ತದೆ. ಜೊತೆಗೆ ಹೋಗಿ ಹಿಂತಿರುಗಿಸಿ, ಮಾತು ಮಗುವೇ ಆಡಲಿ. ಗಾಂಧೀಜಿ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ: ಹದಿನೈದರ ಹುಡುಗನಾಗಿದ್ದಾಗ ಅಣ್ಣನ ತೋಳಿನ ಕಡಗದಿಂದ ಚೂರು ಚಿನ್ನ ಕದ್ದು, ತಾಳಲಾರದೆ ತಪ್ಪೊಪ್ಪಿಗೆಯ ಚೀಟಿ ಬರೆದು ಹಾಸಿಗೆ ಹಿಡಿದಿದ್ದ ಅಪ್ಪನ ಕೈಗೆ ಕೊಟ್ಟರು. ಅಪ್ಪ ಓದಿದರು, ಕಣ್ಣೀರು ಹಾಕಿದರು, ಚೀಟಿ ಹರಿದುಹಾಕಿದರು. ಬೈಗುಳವಿಲ್ಲ, ಏಟಿಲ್ಲ. ಅದು ಅವರಿಗೆ ಜೀವಮಾನದ ಪಾಠವಾಯಿತು.

ಇದೆಲ್ಲ ಹೇಳಿಕೊಟ್ಟು ಬಸ್ಸು ಹತ್ತಿದ ಮೇಲೆ, ‘ಕಂಡಕ್ಟರ್ ಕೇಳಿದ್ರೆ ಐದು ವರ್ಷ ಅನ್ನು’ ಎಂದು ಕಿವಿಯಲ್ಲಿ ಹೇಳಿದರೆ? ಆ ದಿನ ಉಳಿದದ್ದು ಅರ್ಧ ಟಿಕೆಟಿನ ದುಡ್ಡು, ಹೋದದ್ದು ಪುಣ್ಯಕೋಟಿ ಕತೆ.

‘ಜಾಣ’ ಅನ್ನುವುದರ ಅಪಾಯ

ಬೈಯುವುದು ಬಿಟ್ಟು ಹೊಗಳಲು ಶುರು ಮಾಡಿದರೆ ಸಾಕೇ? ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟುಗಳನ್ನು ಕೊಟ್ಟು, ಕೆಲವರಿಗೆ ‘ನೀನು ಜಾಣ’ ಎಂದೂ ಕೆಲವರಿಗೆ ‘ಚೆನ್ನಾಗಿ ಪ್ರಯತ್ನ ಮಾಡಿದೆ’ ಎಂದೂ ಮೆಚ್ಚುಗೆ ಹೇಳಿದರು. ಜಾಣರೆನಿಸಿಕೊಂಡವರು ಮುಂದೆ ಸುಲಭದ ಒಗಟುಗಳತ್ತ ವಾಲಿದರು, ಸೋತಾಗ ಬೇಗ ಕುಗ್ಗಿದರು. ಅಂಕ ಎಷ್ಟು ಬಂತೆಂದು ಬೇರೆ ಶಾಲೆಯ ಮಗುವಿಗೆ ಬರೆದು ತಿಳಿಸಲು ಹೇಳಿದಾಗ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಪ್ರಯತ್ನಕ್ಕೆ ಮೆಚ್ಚುಗೆ ಪಡೆದವರಲ್ಲಿ ಹಾಗೆ ಮಾಡಿದವರು ಬಹಳ ಕಡಿಮೆ. ‘ಜಾಣ’ ಎಂಬ ಪಟ್ಟ ಉಳಿಸಿಕೊಳ್ಳಲು ಸುಳ್ಳು ಬೇಕಾಯಿತು. ಇಂಥ ಮಾತುಗಳ ಪರಿಣಾಮ ಮೊದಲು ಎಣಿಸಿದಷ್ಟು ದೊಡ್ಡದಲ್ಲ ಎಂಬ ಚರ್ಚೆ ಆಮೇಲೆ ನಡೆದಿದೆ. ಆದರೂ ಏನನ್ನು ಮಾಡಿದ್ದಕ್ಕೆ ಮೆಚ್ಚಿದಿರಿ ಎಂದು ಬಿಡಿಸಿ ಹೇಳುವುದರಲ್ಲಿ ನಷ್ಟವಿಲ್ಲ. ‘ವೆರಿ ಗುಡ್’ ಬದಲು, ‘ಲೆಕ್ಕ ಬರ್ಲಿಲ್ಲ ಅಂತ ಬಿಡದೆ ಮೂರು ಸಲ ಮಾಡಿದ್ಯಲ್ಲ’ ಎಂದು ಹೇಳಿ. ‘ಒಳ್ಳೆ ಹುಡ್ಗಿ’ ಬದಲು, ‘ನೀನು ಜಾಗ ಬಿಟ್ಟಿದ್ದಕ್ಕೆ ಆ ಅಜ್ಜಿಗೆ ಕೂರೋಕಾಯ್ತು.’

‘ಪಕ್ಕದ್ಮನೆ ಹುಡ್ಗನ್ನ ನೋಡಿ ಕಲಿ’ ಅಂದರೆ ಮಗು ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿಯುವುದಿಲ್ಲ. ಅವನನ್ನು ಕಂಡರೆ ಉರಿದುಕೊಳ್ಳುವುದನ್ನು ಕಲಿಯುತ್ತದೆ. ಹೋಲಿಸಲೇಬೇಕಿದ್ದರೆ ಕಳೆದ ತಿಂಗಳ ಅದೇ ಮಗುವಿನ ಜೊತೆ ಹೋಲಿಸಿ.

ಠೂ ಬಿಟ್ಟಾಗ, ಗೇಲಿ ಮಾಡಿದಾಗ

ಇವತ್ತು ಠೂ ಬಿಟ್ಟವರು ನಾಡಿದ್ದು ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ. ಇಂಥ ಮುನಿಸಿಗೆ ಎದುರು ಮನೆಗೆ ಫೋನ್ ಮಾಡಬೇಕಾಗಿಲ್ಲ. ಹಿಂಸೆಯೆಂದರೆ ಬೇರೆ. ಮತ್ತೆ ಮತ್ತೆ ನಡೆಯುವುದು, ಬೇಕೆಂದೇ ಮಾಡುವುದು, ಎದುರಿಸಲಾಗದವರ ಮೇಲೆ ಮಾಡುವುದು: ಈ ಮೂರೂ ಸೇರಿದರೆ ಅದು ಜಗಳವಲ್ಲ. ಬಣ್ಣ, ದಪ್ಪ, ತೊದಲು, ಬಡತನ ಇಟ್ಟುಕೊಂಡು ಕರೆಯುವ ಅಡ್ಡಹೆಸರು, ಎಲ್ಲರೂ ಸೇರಿ ಒಬ್ಬರನ್ನು ಆಟಕ್ಕೇ ಸೇರಿಸದಿರುವುದು, ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿ ನಗುವುದು ಇದರ ರೂಪಗಳು. ಇಲ್ಲಿ ‘ನೀನೂ ತಿರುಗಿಸಿ ಹೊಡಿ’ ಎಂಬ ಸಲಹೆ ಕೆಲಸಕ್ಕೆ ಬಾರದು. ಏನಾಯಿತು, ಎಂದು, ಯಾರಿದ್ದರು ಎಂದು ಬರೆದಿಟ್ಟುಕೊಂಡು ತರಗತಿ ಶಿಕ್ಷಕರನ್ನು ಕಾಣಿ, ಬಗೆಹರಿಯದಿದ್ದರೆ ಮುಖ್ಯೋಪಾಧ್ಯಾಯರನ್ನು.

ಗೇಲಿ ಮಾಡಿದ್ದು ನಿಮ್ಮದೇ ಮಗು ಎಂದು ಗೊತ್ತಾದರೆ? ‘ನಮ್ಮವನು ಹಾಗಲ್ಲ’ ಎಂದು ಎದ್ದು ನಿಲ್ಲುವ ಮೊದಲು ಕೇಳಿಸಿಕೊಳ್ಳಿ. ಅವನನ್ನು ಲೆಕ್ಕಕ್ಕಿಲ್ಲದವನನ್ನಾಗಿ ಮಾಡಬೇಡಿ. ‘ಆ ಮಾತು ಕೇಳಿ ಅವಳ ಮುಖ ಹೇಗಾಯ್ತು?’ ಎಂದು ಕೇಳಿ, ಸರಿಪಡಿಸುವ ದಾರಿಯನ್ನು ಅವನಿಂದಲೇ ಹೇಳಿಸಿ. ಇನ್ನೊಂದು ಗುಂಪಿದೆ, ಸುಮ್ಮನೆ ನೋಡಿ ನಕ್ಕವರದು. ಅವರಿಗೆ ಸಾಹಸ ಕಲಿಸಬೇಕಿಲ್ಲ. ಒಂಟಿಯಾದವರ ಪಕ್ಕ ಹೋಗಿ ಡಬ್ಬಿ ಬಿಚ್ಚಿ ಕೂತರೆ ಅರ್ಧ ಕೆಲಸ ಆಯಿತು.

ಡಬ್ಬಿಯ ಮಾತು ಬಂದಾಗ ನೆನಪಾಗುವುದು ಜಾತಿ. ಶಾಲೆಯ ಅಕ್ಷರ ದಾಸೋಹದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಮೊಟ್ಟೆ ತಿನ್ನುವವರ ಪಕ್ಕ ಬಾಳೆಹಣ್ಣು ತಿನ್ನುವವರಿರುತ್ತಾರೆ. ಮನೆಗೆ ಬಂದರೆ ‘ಅವರ ಮನೇಲಿ ನೀರು ಕುಡಿಬೇಡ’, ಕೆಲಸದವರಿಗೆ ಬೇರೆ ಲೋಟ. ಯಾರೂ ವಿವರಿಸಿ ಹೇಳದಿದ್ದರೂ ಯಾರು ಲೆಕ್ಕಕ್ಕುಂಟು, ಯಾರು ಇಲ್ಲ ಎಂಬುದನ್ನು ಮಗು ಆ ಲೋಟ ನೋಡಿ ಕಲಿಯುತ್ತದೆ. ಮೌಲ್ಯಶಿಕ್ಷಣದ ಪುಸ್ತಕ ತೆರೆಯುವ ಮೊದಲು ಆ ಲೋಟ ಎತ್ತಿ ಎಲ್ಲ ಲೋಟಗಳ ಜೊತೆ ಇಡಿ.

ಸಹಾಯ ಕೇಳುವುದು ಯಾವಾಗ?

ಏರಿಳಿತ ಎಲ್ಲ ಮಕ್ಕಳಲ್ಲೂ ಇರುತ್ತದೆ. ಎರಡು ಮೂರು ವಾರ ಕಳೆದರೂ ತಗ್ಗದ ಈ ಬದಲಾವಣೆಗಳನ್ನು ಮಾತ್ರ ಹಗುರವಾಗಿ ನೋಡಬೇಡಿ:

• ಶಾಲೆ ಎಂದರೆ ದಿನಾ ಹೊಟ್ಟೆನೋವು, ತಲೆನೋವು
• ನಿದ್ದೆ, ಊಟ ಕೆಡುವುದು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು
• ಗೆಳೆಯರನ್ನು, ಇಷ್ಟದ ಆಟವನ್ನು ಪೂರ್ತಿ ಬಿಡುವುದು
• ಪ್ರಾಣಿಗಳಿಗೋ ಚಿಕ್ಕ ಮಕ್ಕಳಿಗೋ ಬೇಕೆಂದೇ ನೋವು ಕೊಡುವುದು
• ನಿರ್ದಿಷ್ಟ ವ್ಯಕ್ತಿಯನ್ನೋ ಜಾಗವನ್ನೋ ಕಂಡರೆ ಬೆದರುವುದು

‘ನಾನು ಇರಬಾರದಿತ್ತು’ ಎನ್ನುವ ಅರ್ಥದ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮೊದಲು ಮಕ್ಕಳ ವೈದ್ಯರನ್ನು, ನಂತರ ಅಗತ್ಯವಿದ್ದರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಈ ವಾರದಿಂದಲೇ

• ದಿನಕ್ಕೊಮ್ಮೆ ಎಲ್ಲರೂ ಒಟ್ಟಿಗೆ, ಫೋನ್ ಇಲ್ಲದೆ ಊಟ. ‘ಇವತ್ತು ಏನು ಕಲಿತೆ?’ ಬದಲು ‘ಇವತ್ತು ಯಾರ ಜೊತೆ ಕೂತಿದ್ದೆ?’
• ಮನೆಯ ಒಂದು ನಿಯಮವನ್ನು, ಟಿವಿ ಸಮಯವನ್ನೋ ಮಲಗುವ ಹೊತ್ತನ್ನೋ, ಮಕ್ಕಳ ಜೊತೆ ಮಾತಾಡಿ ಮಾಡಿ. ಮುರಿದರೆ ಏನೆಂಬುದನ್ನೂ ಅವರೇ ಸೇರಿ ಗೊತ್ತು ಮಾಡಲಿ. ನೀವು ಮುರಿದರೂ ಅದೇ ಅನ್ವಯ.
• ವಾರಕ್ಕೊಮ್ಮೆ ಚೌಕಾಬಾರ, ಹಾವು ಏಣಿ. ಮಗುವಿನ ಮನಸ್ಸಿಗೆಂದು ಬೇಕೆಂದೇ ಸೋಲಬೇಡಿ. ಸೋತು ನಗುವುದು ಹೇಗೆಂದು ನಿಮ್ಮ ನಿಜವಾದ ಸೋಲಿನಲ್ಲಿ ತೋರಿಸಿ.
• ಮಗುವಿನ ಮೇಲೆ ವಿನಾಕಾರಣ ರೇಗಿದ ದಿನ, ಮಲಗುವ ಮುಂಚೆ ಹೋಗಿ ‘ನಾನು ತಪ್ಪು ಮಾಡಿದೆ’ ಎಂದು ಹೇಳಿ. ‘ತಪ್ಪಾಯ್ತು’ ಅಲ್ಲ.

ಮತ್ತೆ ಆ ಬೀದಿಗೆ ಹೋಗೋಣ. ಒಂದು ವರ್ಷ ಕಳೆದಿದೆ. ತಮ್ಮನಿಗೆ ಈಗ ಆರು ತುಂಬಿದೆ. ಚೆಂಡು ಬೆನ್ನಿಗೆ ಬಡಿಯುತ್ತದೆ. ‘ಅವ್ನು ಲೆಕ್ಕಕ್ಕಿಲ್ಲ ಬಿಡ್ರೋ’ ಎಂದು ಯಾರೋ ಕೂಗುತ್ತಾರೆ. ಅವನು ಓಡುವುದನ್ನು ನಿಲ್ಲಿಸಿ, ಬೆನ್ನು ಸವರಿಕೊಂಡು, ಹೇಳುತ್ತಾನೆ: ‘ಇಲ್ಲ, ನಾನು ಔಟು. ನನ್ನೂ ಲೆಕ್ಕಕ್ಕೆ ತಗೊಳ್ಳಿ.’

ಅಕ್ಕ ಅವನಿಗೆ ಅಂಗಳದ ಕಟ್ಟೆಯ ಮೇಲೆ ಜಾಗ ತೋರಿಸುತ್ತಾಳೆ. ಅಳುತ್ತಾನೇನೋ ಎಂದು ಕಿಟಕಿಯ ಬಳಿಯಿಂದ ಎದ್ದ ಅಮ್ಮ ಮತ್ತೆ ಕೂರುತ್ತಾಳೆ.